ದಿಟಗಿವಿಗೆ ಕೇಳಿಸದ್ದು

ನಿಜ ಹೇಳಿದರೆ ಹಸಿರು, ಸುಳ್ಳು ಹೇಳಿದರೆ ಕೆಂಪು. ದಿಟಗಿವಿಯನ್ನು ಬಳಸಲು ಇದಕ್ಕಿಂತ ಹೆಚ್ಚು ತಿಳಿಯಬೇಕಾದದ್ದು ಏನೂ ಇರಲಿಲ್ಲ. ಅಂಗೈಯಗಲದ ಆ ಪೆಟ್ಟಿಗೆಯನ್ನು ಫೋನಿಗೆ ಸಿಕ್ಕಿಸಿದರೆ ಸಾಕು, ಆ ಕಡೆಯವರ ದನಿಯನ್ನು ಅದು ಸೋಸತೊಡಗುತ್ತಿತ್ತು. ಮನಸ್ಸಿನಲ್ಲಿ ಒಂದಿದ್ದು ಬಾಯಲ್ಲಿ ಇನ್ನೊಂದು ಆಡುವಾಗ ಮಿದುಳಿಗೆ ಎರಡು ಕೆಲಸ. ನಿಜವನ್ನು ಅದುಮಿ ಹಿಡಿಯಬೇಕು, ಸುಳ್ಳನ್ನು ಕಟ್ಟಬೇಕು. ಆ ಹೊರೆ ಗಂಟಲಿನ ಸ್ನಾಯುಗಳಿಗೆ ಇಳಿದು ಸಣ್ಣ ನಡುಕವಾಗುತ್ತದೆ. ಮನುಷ್ಯರ ಕಿವಿಗೆ ತಿಳಿಯದ ಆ ನಡುಕವನ್ನು ಯಂತ್ರ ಹಿಡಿಯುತ್ತಿತ್ತು. ಕಂಪ್ಯೂಟರಿನಲ್ಲಿ ಹುಟ್ಟಿಸಿದ ನಕಲಿ ದನಿಯನ್ನೂ ಅದು ಬಿಡುತ್ತಿರಲಿಲ್ಲ.

ದಿಟಗಿವಿ ಬಂದ ಮೇಲೆ ಬ್ಯಾಂಕುಗಳು ಪಾಸ್‌ವರ್ಡ್ ಕೇಳುವುದನ್ನು ಬಿಟ್ಟವು. 'ಬ್ಯಾಂಕಿನಿಂದ ಮಾತಾಡ್ತಿದೀನಿ, ಒಟಿಪಿ ಹೇಳಿ' ಎಂದು ಮೋಸ ಮಾಡುತ್ತಿದ್ದವರ ಅಂಗಡಿ ಮುಚ್ಚಿತು. ವಿದ್ಯುತ್ ಕೇಂದ್ರ, ರೈಲ್ವೆ, ಅಣೆಕಟ್ಟು, ಎಲ್ಲ ಕಡೆಯೂ ದೊಡ್ಡ ಆದೇಶಗಳು ದನಿಯ ಮೇಲೆಯೇ ನಡೆಯತೊಡಗಿದವು. ಕಳ್ಳರ ಕಾಲ ಮುಗಿಯಿತು ಎಂದು ಜನ ನಂಬಿದರು. ಧಾರವಾಡದ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದವರಲ್ಲಿ ಒಬ್ಬಳಾದ ಇಂದುಮತಿ ಹಂಚಿನಮನಿಯೂ ಹಾಗೆಯೇ ನಂಬಿದ್ದಳು. ಕಲ್ಲೊಡ್ಡು ಜಲಾಶಯದ ನಿಯಂತ್ರಣ ಕೊಠಡಿಗೆ ದಿಟಗಿವಿ ಅಳವಡಿಸಲು ಬಂದವಳು ಅಲ್ಲಿಯೇ ಸುರಕ್ಷತಾ ಮುಖ್ಯಸ್ಥೆಯಾಗಿ ಉಳಿದಳು. ಅಧಿಕಾರಿಯ ದನಿಗೆ ಹೊಂದಿಕೆಯಾಗಿ, ದೀಪ ಹಸಿರಾದರೆ, ತಡಮಾಡದೆ ಗೇಟು ತೆಗೆಯಬೇಕು ಎಂಬ ನಿಯಮವನ್ನು ಬರೆದವಳು ಅವಳೇ.

ಗೇಟು ತೆರೆಯಲು ಆದೇಶ ಕೊಡಬಹುದಾಗಿದ್ದವರು ಕಾರ್ಯನಿರ್ವಾಹಕ ಎಂಜಿನಿಯರ್ ಗುರುಪಾದಯ್ಯ ಮಠದ. ಮನೆತನದ ಹೆಸರಿನಿಂದ ಎಲ್ಲರೂ ಅವರನ್ನು ಮಠದ ಎಂದೇ ಕರೆಯುತ್ತಿದ್ದರು. ಇಲಾಖೆಯಲ್ಲಿ ಅವರದು ಮಾತಿಗೆ ತಪ್ಪದವರೆಂಬ ಹೆಸರು. ಯಂತ್ರ ಪರೀಕ್ಷಿಸಲು ಒಮ್ಮೆ ಇಂದುಮತಿ ಅವರಿಗೆ, "ಸರ್, ಬೇಕಂತ ಒಂದು ಸುಳ್ಳು ಹೇಳ್ರಿ" ಎಂದಳು. ಅವರು ಬಹಳ ಹೊತ್ತು ಯೋಚಿಸಿ, "ನನ್ನ ಕೂದಲಾ ಭಾಳ ಕರ‍್ರಗ ಅದಾವು" ಎಂದರು. ದೀಪ ಕೆಂಪಾಯಿತು. ಕೊಠಡಿಯವರೆಲ್ಲ ನಕ್ಕರು.

ಮನೆಯಲ್ಲಿ ದಿಟಗಿವಿ ನಗಿಸಲಿಲ್ಲ. ಆಗ ಎಲ್ಲರ ಮನೆಗೂ, ಎದುರಿಗೆ ಆಡಿದ ಮಾತನ್ನೂ ಸೋಸುವ ಅದರ ಅಗ್ಗದ ಮಾದರಿ ಬಂದಿತ್ತು. ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಿದ್ದರು. ಅತ್ತೆ ಸೊಸೆಯ ಮಾತು ನಂಬುವ ಮುನ್ನ ಗೋಡೆಯತ್ತ ನೋಡುತ್ತಿದ್ದಳು. ಮಕ್ಕಳು ಶಾಲೆಯ ಸುದ್ದಿ ಹೇಳುವುದನ್ನೇ ನಿಲ್ಲಿಸಿದ್ದರು. ಮಠದರ ಮನೆಯ ಪಡಸಾಲೆಯಲ್ಲೂ ಒಂದಿತ್ತು. ಅವರ ಹೆಂಡತಿ ಸುಮಂಗಲಾಗೆ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ತಿಳಿದ ದಿನ, ಮಠದ ಆಸ್ಪತ್ರೆಯಿಂದ ಬಂದವರೇ ಅವಳ ಕೈ ಹಿಡಿದು, "ಏನೂ ಆಗೂದಿಲ್ಲ ನಿನಗ. ಅರಾಮ ಆಗ್ತಿ" ಎಂದರು.

ಗೋಡೆಯ ಮೇಲೆ ಕೆಂಪು ದೀಪ ಹತ್ತಿತು.

ಸುಮಂಗಲಾ ಅದನ್ನು ನೋಡಿದಳು. ಗಂಡನ ಮುಖ ನೋಡಲಿಲ್ಲ. ನಿಧಾನವಾಗಿ ಎದ್ದು ಪೆಟ್ಟಿಗೆಯನ್ನು ಮೊಳೆಯಿಂದ ತೆಗೆದು ಅವರ ಕೈಗಿಟ್ಟಳು. "ಇದನ್ನ ಆಫೀಸಿನ್ಯಾಗ ಇಟ್ಗೊಳ್ರಿ. ನನಗ ಮನ್ಯಾಗ ಒಂದೀಟು ಸುಳ್ಳು ಬೇಕು" ಎಂದಳು.

ಅಂದಿನಿಂದ ಮಠದರ ಮನೆಯಲ್ಲಿ ದಿಟಗಿವಿ ಇರಲಿಲ್ಲ. ತಮ್ಮ ಸ್ವಂತ ಮೊಬೈಲಿನಿಂದಲೂ ಅವರು ಅದನ್ನು ತೆಗೆಸಿಹಾಕಿದರು. ಕಚೇರಿಯ ಫೋನಿಗೆ ಮಾತ್ರ ಉಳಿಯಿತು. ಹೆಂಡತಿಗೆ ಚಿಕಿತ್ಸೆ ಶುರುವಾಯಿತು, ಅವಳ ಊಟ ಕಡಿಮೆಯಾಯಿತು. ಅವರು ಒಳಗೊಳಗೇ ಬೇಯುತ್ತಿದ್ದರು. ಯಾರೊಡನೆ ಹೇಳಿಕೊಳ್ಳಬೇಕೆಂದು ತಿಳಿಯದೆ ಸಂಜೆಯಾದರೆ ಅಂಗಳದಲ್ಲಿ ಗೇಟಿನಿಂದ ತೆಂಗಿನ ಮರದವರೆಗೆ, ಮರದಿಂದ ಗೇಟಿನವರೆಗೆ ತಿರುಗಾಡುತ್ತಿದ್ದರು.

ಅಂಥ ಒಂದು ಸಂಜೆ ಮೊಬೈಲ್ ಮೊಳಗಿತು.

"ನಮಸ್ಕಾರ್ರಿ ಸರ್. ನಾನು ವಿಠ್ಠಲ ಗಾಣಿಗೇರ, ತೊಗರಿಹಾಳ ಬ್ಯಾರೇಜಿಗೆ ಹೊಸದಾಗಿ ಬಂದ ಜೂನಿಯರ್ ಎಂಜಿನಿಯರ್. ನಿಮ್ಮ ಮ್ಯಾಲಿನ ಒಡ್ಡು ನಮ್ದ ನೋಡ್ರಿ. ಹಿರಿಯರು, ಪರಿಚಯ ಮಾಡ್ಕೊಳ್ಳೂಣು ಅಂತ ಮಾಡಿದೆ."

ತೊಗರಿಹಾಳಕ್ಕೆ ಗಾಣಿಗೇರ ಎಂಬ ಹುಡುಗ ಬಂದದ್ದು ಮಠದರಿಗೆ ಗೊತ್ತಿತ್ತು. ನೋಡಿರಲಿಲ್ಲ. ಹುಡುಗ ನೀರಿನ ಮಟ್ಟ ಹೇಳಿದ, ಅದು ಸರಿಯಾಗಿಯೇ ಇತ್ತು. ಮರುದಿನವೂ ಮಾಡಿದ. ಮೂರನೆಯ ಸಲವೋ ನಾಲ್ಕನೆಯ ಸಲವೋ ಮಾತಿನ ಮಧ್ಯೆ, "ಸರ್, ನಿಮ್ಮ ದನಿ ಭಾಳ ಸೋತಂಗ ಕೇಳಸ್ತೈತಿ. ಮನ್ಯಾಗ ಎಲ್ಲಾ ಅರಾಮ ಅದಾರಲ್ರಿ?" ಎಂದ.

ಆ ಪ್ರಶ್ನೆಯನ್ನು ಅವರಿಗೆ ಬೇರೆ ಯಾರೂ ಕೇಳಿರಲಿಲ್ಲ. ಅವರು ತೆಂಗಿನ ಮರಕ್ಕೆ ಒರಗಿ ನಿಂತು ಎಲ್ಲವನ್ನೂ ಹೇಳಿಬಿಟ್ಟರು. "ನಮ್ಮವ್ವಗೂ ಇದ ಬ್ಯಾನಿರಿ ಸರ್" ಎಂದ ಹುಡುಗ. "ಖಾರ ಸೇರೂದಿಲ್ಲ ಅವ್ರಿಗೆ. ಮೆಂತೆ ಗಂಜಿ ಮಾಡ್ಸಿ ನೋಡ್ರಿ, ತಣ್ಣಗ ಮಾಡಿ."

ಸುಮಂಗಲಾ ಅಂದು ಅರ್ಧ ಬಟ್ಟಲು ಗಂಜಿ ಕುಡಿದಳು. ಆ ಮೇಲೆ ಅವರು ಸಂಜೆ ಆ ಫೋನಿಗೆ ಕಾಯತೊಡಗಿದರು. ಮಾತು ಹೆಚ್ಚಾಗಿ ಮನೆಯದು. ನಡುನಡುವೆ ಕೆಲಸದ್ದೂ ಬರುತ್ತಿತ್ತು. ಗೇಟು ತೆಗೆಯುವ ಆದೇಶ ಯಾರು ಕೊಡುತ್ತಾರೆ, ಹೊಳೆಯ ಕೆಳಗಿನವರಿಗೆ ಎಚ್ಚರಿಕೆ ಹೇಗೆ ಕೊಡುತ್ತೀರಿ ಎಂದು ಹುಡುಗ ಕಲಿಯುವವನಂತೆ ಕೇಳುತ್ತಿದ್ದ. ಹೊಸಬನಿಗೆ ಹೇಳಿಕೊಡುವುದು ಹಿರಿಯನ ಕೆಲಸವೆಂದು ಮಠದ ಹೇಳಿಕೊಡುತ್ತಿದ್ದರು.

ಮಾಘ ಮಾಸದ ಒಂದು ಮಧ್ಯಾಹ್ನ ಮಠದ ರಜೆ ಹಾಕಿದ್ದರು. ಸುಮಂಗಲಾಗೆ ಅಂದು ಬೆಳಿಗ್ಗೆ ಔಷಧಿ ಏರಿಸಿಕೊಂಡು ಬಂದಿದ್ದರು, ಅವಳು ಒಳಗೆ ಮಲಗಿದ್ದಳು. ಮೊಬೈಲ್ ಮೊಳಗಿತು. ಈ ಸಲ ಹುಡುಗನ ದನಿಯಲ್ಲಿ ಅಳುವಿತ್ತು.

"ಸರ್... ಸರ್, ನಮ್ಮ ಗೇಟಿನ ಸರಪಳಿ ಹರೀತ್ರಿ! ಒಂದ ಅಲ್ರಿ, ಆಜೂಬಾಜೂದೂ ಹೋದ್ವು. ಇಲ್ಲಿ ರಾತ್ರಿ ಗಾಳಿಮಳಿ ಹೊಡದು ಮೀಟರ್ ಎಲ್ಲಾ ಸುಟ್ಟಾವು, ನಿಮ್ಮ ಕಂಪ್ಯೂಟರಿನ್ಯಾಗ ನಿನ್ನಿ ಲೆಕ್ಕಾನ ಕಾಣಸ್ತೈತಿ, ಅದನ್ನ ನಂಬಬ್ಯಾಡ್ರಿ. ನೀರ ಹೊಂಟೈತಿ ಸರ್. ನಿಮ್ಮ ಒಡ್ಡು ತುಂಬಿ ಕುಂತೈತಿ..."

ಮಠದರ ಕಣ್ಣ ಮುಂದೆ ಕಲ್ಲೊಡ್ಡಿನ ಹಳೆಯ ಮಣ್ಣಿನ ಏರಿ ಬಂತು. ಬೇಸಿಗೆಗೆಂದು ಅಂಚಿನವರೆಗೆ ತುಂಬಿಸಿಟ್ಟ ನೀರು. ಮೇಲಿಂದ ಅಷ್ಟು ಬಂದರೆ ಏರಿ ನಿಲ್ಲದು. ಏರಿ ಹೋದರೆ ಕೆಳಗಿನ ಊರುಗಳೇ ಹೋಗುತ್ತವೆ. ಅವರು ಆ ಕರೆ ಕಡಿದು ಕಚೇರಿಗೆ ಫೋನ್ ಮಾಡಿದರು.

ನಿಯಂತ್ರಣ ಕೊಠಡಿಯಲ್ಲಿ ಕರ್ತವ್ಯದ ಮೇಲಿದ್ದವನು ರಫೀಕ ಮುಜಾವರ. ಪಕ್ಕದ ಮೇಜಿನಲ್ಲಿ ಇಂದುಮತಿ ಇದ್ದಳು. ಧ್ವನಿವರ್ಧಕದಲ್ಲಿ ಮಠದರ ಮಾತು ಕೊಠಡಿ ತುಂಬಿತು.

"ರಫೀಕ, ತೊಗರಿಹಾಳ ಒಡದೈತಿ. ಸೈರನ್ ಹಾಕು. ಎಲ್ಲಾ ಗೇಟು ತಗಿ. ಈಗಿಂದೀಗ!"

ದೀಪ ಹಸಿರಾಯಿತು. ಅಷ್ಟು ಸ್ವಚ್ಛ ಹಸಿರನ್ನು ಇಂದುಮತಿ ಎಂದೂ ಕಂಡಿರಲಿಲ್ಲ. ಆ ದನಿಯಲ್ಲಿ ಕಪಟದ ಒಂದು ಎಳೆಯೂ ಇರಲಿಲ್ಲ. ರಫೀಕ ಸೈರನ್ ಒತ್ತಿ ಗೇಟುಗಳನ್ನು ಎತ್ತತೊಡಗಿದ. ಮೊದಲ ಗೇಟಿನ ಕೆಳಗಿಂದ ನೀರು ಬಿಳಿಯಾಗಿ ಚಿಮ್ಮಿದ್ದು ಪರದೆಯ ಮೇಲೆ ಕಂಡಿತು. ಆಮೇಲೆ ಎರಡನೆಯದು. ಮೂರನೆಯದು.

ಇಂದುಮತಿಗೆ ಕೂರಲಾಗಲಿಲ್ಲ. ಪರದೆಯಲ್ಲಿ ತೊಗರಿಹಾಳದ ನೀರಿನ ಮಟ್ಟ ಎಂದಿನಂತೆಯೇ ಇತ್ತು. ಕಿಟಕಿಗೆ ಹೋಗಿ ನೋಡಿದಳು. ಮೇಲಿನ ಕಡೆ ಆಕಾಶ ತೊಳೆದಿಟ್ಟಂತೆ ಇತ್ತು. ತೊಗರಿಹಾಳದ ಕಚೇರಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ಮಠದರನ್ನೇ ಹಿಡಿದಳು.

"ಸರ್, ಒಡದದ್ದು ನೀವು ನೋಡೀರೇನ್ರಿ?"

"ನಾ ಹ್ಯಾಂಗ ನೋಡ್ಲಿ ಇಂದುಮತಿ? ವಿಠ್ಠಲ ಹೇಳಿದ."

"ಯಾವ ಫೋನಿಗೆ?"

"ನನ್ನ ಮೊಬೈಲಿಗೆ."

"ಅದಕ್ಕ ದಿಟಗಿವಿ ಐತ್ರಿ?"

"ಇಲ್ಲ. ತಗಿಸೀನಿ."

"ಸರ್, ವಿಠ್ಠಲನ್ನ ನೀವು ಯಾವಾಗರ ಕಣ್ಣಿಲೆ ಕಂಡೀರೇನ್ರಿ?"

"ಇಲ್ಲ. ಬರೇ ದನಿ ಕೇಳೀನಿ" ಎಂದರು ಮಠದ. ಇಂದುಮತಿಗೆ ಈಗ ಎಲ್ಲವೂ ತಿಳಿಯಿತು. ಅವಳ ಯಂತ್ರ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮಾತಾಡುವವನು ತನ್ನ ಮಾತನ್ನು ನಂಬಿದ್ದಾನೆಯೇ? ಮಾತು ನಿಜವೇ ಎಂಬುದನ್ನು ಅದು ಎಂದೂ ಕೇಳಿರಲಿಲ್ಲ. ಫೋನ್ ಮಾಡಿದ ಆ ಯಾವನೋ ಯಂತ್ರದ ತಂಟೆಗೇ ಹೋಗಿರಲಿಲ್ಲ. ಯಂತ್ರವಿಲ್ಲದ ಅಂಗಳದಲ್ಲಿ ಒಬ್ಬ ಸತ್ಯವಂತನನ್ನು ಹುಡುಕಿ, ಅವನ ಬಾಯಿಗೆ ತನ್ನ ಸುಳ್ಳನ್ನು ಇಟ್ಟಿದ್ದ.

"ರಫೀಕ, ಮುಚ್ಚು! ಎಲ್ಲಾ ಮುಚ್ಚು!"

"ಮೇಡಮ್ಮರ, ಹಸರ ಬಂದೈತ್ರಿ. ನೀವ ಬರದ ನಿಯಮ..."

"ನಾನ ಬರದದ್ದು. ನಾನ ಹೇಳಾಕತ್ತೀನಿ, ಮುಚ್ಚು."

ರಫೀಕ ಗುಂಡಿ ಒತ್ತಿದ. ಆದರೆ ಗೇಟುಗಳು ಏರಿದಷ್ಟು ಬೇಗ ಇಳಿಯಲಿಲ್ಲ. ನೀರಿನ ಒತ್ತಡಕ್ಕೆ ಕಿರುಗುಡುತ್ತ, ನಿಂತು ನಿಂತು ಇಳಿದವು. ಕೊನೆಯ ಗೇಟು ನೆಲ ಮುಟ್ಟುವ ಹೊತ್ತಿಗೆ ಹೋಗಬೇಕಾದ ನೀರು ಹೋಗಿಯಾಗಿತ್ತು.

ಆ ನೀರಿನ ದಾರಿಯಲ್ಲಿ ಜನರಿದ್ದರು. ಹೊಳೆ ಬತ್ತುವ ಕಾಲಕ್ಕೆ ಬಾರಕೇರ ಮನೆತನಗಳವರು ಪ್ರತಿವರ್ಷ ಮರಳಿನಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ ಕಲ್ಲಂಗಡಿ ಬೆಳೆಯುತ್ತಿದ್ದರು. ಅಲ್ಲಿಯೇ ಜೋಪಡಿ, ಅಲ್ಲಿಯೇ ಅಡುಗೆ. ಮರಳು ತೆಗೆಯುವವರು ಆ ಮರಳಿನ ಹಾಸನ್ನು ತಮಗೆ ಬಿಡಿಸಿಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದರು. ಇವರು ಕೋರ್ಟಿಗೆ ಹೋಗಿ ತಡೆ ತಂದಿದ್ದರು.

ಎಚ್ಚರಿಕೆಯ ಪಟ್ಟಿಯಲ್ಲಿದ್ದ ನಂಬರಿಗೆ ಇಂದುಮತಿ ಫೋನ್ ಮಾಡಿದಳು. ಎತ್ತಿದವಳು ಗಂಗವ್ವ ಬಾರಕೇರ.

"ಅಕ್ಕಾರ, ನಾನು ಕಲ್ಲೊಡ್ಡು ಆಫೀಸಿನ್ಯಾಕಿ. ನೀರ ಬರಾಕತ್ತೈತ್ರಿ. ಎಲ್ಲಾರನ್ನೂ ಕರಕೊಂಡು ದಂಡಿ ಹತ್ರಿ. ಸೈರನ್ ಕೇಳಿಲ್ಲೇನ್ರಿ?"

"ಕೇಳೇತಿ ಬಿಡವಾ" ಎಂದಳು ಗಂಗವ್ವ. ಅವಳ ದನಿಯಲ್ಲಿ ಯಾವ ಅವಸರವೂ ಇರಲಿಲ್ಲ. "ಈ ವಾರ ಪರೀಕ್ಷಾ ಮಾಡ್ತೀವಿ, ಒದರಿದ್ರ ಅಂಜಬ್ಯಾಡ್ರಿ ಅಂತ ನಿಮ್ಮ ಆಫೀಸಿನ ಹುಡುಗ ಮೊನ್ನೇನ ಹೇಳ್ಯಾನಲ್ಲ. ಫೋನೂ ಬರ್ತಾವು, ಅವೂ ಪರೀಕ್ಷಾನ ಅಂದಿದ್ದ. ಮೊನ್ನಿಯಿಂದ ಎರಡು ಬಂದಾವು, ನೀ ಮೂರನೇದಾಕಿ."

ಇಂದುಮತಿಗೆ ಅರ್ಥವಾಯಿತು. ಆ ಹುಡುಗ ಇಲ್ಲಿಗೂ ಮೊದಲೇ ಬಂದು ಹೋಗಿದ್ದ. ಇನ್ನು ಅವಳು ಏನೇ ಹೇಳಿದರೂ ಅದು ಅವನು ಮೊದಲೇ ಹೇಳಿಟ್ಟ ಮಾತಾಗುತ್ತಿತ್ತು. ತಾನು ನಿಜ ಹೇಳುತ್ತಿದ್ದೇನೆ ಎಂದು ಆಣೆ ಮಾಡಲು ಬಾಯಿ ತೆರೆದು ನಿಲ್ಲಿಸಿದಳು.

"ಅಕ್ಕಾರ, ನನ್ನ ಮಾತು ನಂಬಬ್ಯಾಡ್ರಿ. ಯಾರ ಮಾತೂ ನಂಬಬ್ಯಾಡ್ರಿ. ಹೊಳಿ ಎಳಿಯಂಗ ಹರಿಯೂ ಕಡೆ ಹೋಗಿ ನೀರಾಗ ಕಾಲಿಡ್ರಿ. ನಿನ್ನಿಗಿಂತ ತಣ್ಣಗೈತೇನು, ರಾಡಿ ಆಗೇತೇನು, ನೀವ ನೋಡ್ರಿ. ಫೋನ್ ಕಡೀಬ್ಯಾಡ್ರಿ. ನಾ ಇಲ್ಲೇ ಇರ್ತೀನಿ."

"ಎಂಥಾ ಆಫೀಸೋ ಏನೋ" ಎಂದು ಗಂಗವ್ವ ಗೊಣಗಿದಳು. ಫೋನಿನಲ್ಲಿ ಮರಳಿನ ಮೇಲೆ ಹೆಜ್ಜೆ ಸಪ್ಪಳ. ನಾಯಿಯ ಬೊಗಳು. ದೂರದಲ್ಲಿ ಯಾವುದೋ ಕೂಸಿನ ಅಳು. ಇಂದುಮತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ಗಂಗವ್ವನ ದನಿ ಬಂತು. ಅದು ಇಂದುಮತಿಗೆ ಹೇಳಿದ್ದಾಗಿರಲಿಲ್ಲ.

"ಯಮನಪ್ಪಾ! ಏ ಯಮನಪ್ಪಾ! ಹುಡುಗರನ್ನ ಎತ್ತರಲೇ! ನೀರ ಬಂತೋ!"

ಫೋನ್ ಕಡಿದುಹೋಯಿತು.

ಬಾರಕೇರರ ಹೆಂಗಸರು, ಮಕ್ಕಳು, ಮುದುಕರು ದಂಡೆ ಹತ್ತಿದರು. ಜೋಪಡಿಗಳು, ಹಣ್ಣಿಗೆ ಬಂದಿದ್ದ ಬಳ್ಳಿಗಳು ಕಣ್ಣೆದುರೇ ಹೋದವು. ಗಂಗವ್ವನ ಗಂಡ ಯಮನಪ್ಪ ಮಕ್ಕಳನ್ನು ಮೇಲೆ ಬಿಟ್ಟು, ಮರಳಿನಲ್ಲಿ ಗೂಟಕ್ಕೆ ಕಟ್ಟಿದ್ದ ಎತ್ತುಗಳ ಕಣ್ಣಿ ಕೊಯ್ಯಲು ತಿರುಗಿ ಇಳಿದ. ಎತ್ತುಗಳು ಈಜಿ ಕೆಳಗಿನ ತಿರುವಿನಲ್ಲಿ ದಡ ಸೇರಿದವು. ಯಮನಪ್ಪ ಸೇರಲಿಲ್ಲ.

ಫೋನ್ ಮಾಡಿದ ಹುಡುಗ ಕೆಲವು ವಾರಗಳಲ್ಲಿ ಸಿಕ್ಕ. ಅವನ ಹೆಸರು ಚಿದಾನಂದ. ಹಿಂದೆ ಮನೆಮನೆಗೆ ದಿಟಗಿವಿ ಮಾರುತ್ತಿದ್ದ. ಯಾವ ಮನೆಯವರು ಅದನ್ನು ಯಾಕೆ ತೆಗೆದುಹಾಕುತ್ತಾರೆ ಎಂದು ಅವನಿಗೆ ಬೇಕಾದಷ್ಟು ಗೊತ್ತಿತ್ತು. ಅವನಿಗೆ ಕೆಲಸ ವಹಿಸಿದ್ದೂ ಫೋನಿನಲ್ಲಿ ಬಂದ ಬರೇ ಒಂದು ದನಿ. ಆ ದನಿಯ ಹಿಂದೆ ಮರಳಿನವರಿದ್ದಾರೆಂದು ಪೊಲೀಸರಿಗೆ ಅನುಮಾನವಿತ್ತು, ಪುರಾವೆ ಸಿಗಲಿಲ್ಲ.

ಗುರುತು ಹಿಡಿಯಲು ಮಠದರನ್ನು ಠಾಣೆಗೆ ಕರೆಸಿದಾಗ ಇಂದುಮತಿಯೂ ಜೊತೆಗೆ ಹೋದಳು. ಮೇಜಿನ ಮೇಲೆ ದಿಟಗಿವಿ ಇತ್ತು. ಹುಡುಗ ತೆಳ್ಳಗಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮಠದ ಅವನ ದನಿ ಕೇಳಿ ಹೌದೆಂದರು. ಆಮೇಲೆ ಇನ್ಸ್‌ಪೆಕ್ಟರ್ ತಡೆಯುವ ಮೊದಲೇ ಕೇಳಿದರು:

"ನಿಮ್ಮವ್ವನ ಬ್ಯಾನಿ. ಅದೂ ಸುಳ್ಳೇನು?"

ಚಿದಾನಂದ ತಲೆ ತಗ್ಗಿಸಿದ. "ಇಲ್ರಿ ಸರ್. ನಾ ಸಣ್ಣಾವಿದ್ದಾಗ ಹೋಗ್ಯಾಳ್ರಿ, ಅದ ಬ್ಯಾನಿಯಿಂದ. ಆವಾಗ ನಮ್ಮಪ್ಪಗ ಯಾರೂ ಒಂದ್ ಮಾತು ಕೇಳ್ಲಿಲ್ರಿ. ಅಂಥಾ ಮನ್ಯಾಗಿನ ಗಂಡಸಿಗೆ ಏನ್ ಬೇಕಾಗಿರ್ತೈತಿ ಅಂತ ನನಗ ಗೊತ್ತಿತ್ತು."

ದೀಪ ಹಸಿರಾಗಿತ್ತು.

ಮಠದ ಎದ್ದು ಹೊರಗೆ ಬಂದರು. ಜೀಪಿನಲ್ಲಿ ಕುಳಿತ ಮೇಲೆ, "ಅವ ಪೂರಾ ಸುಳ್ಳ ಹೇಳಿದ್ರ ಚೊಲೋ ಇತ್ತು" ಎಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಇನ್ನೂ ಸಂಜಿ ಆದ್ರ ಕೈ ಮೊಬೈಲಿಗೆ ಹೋಗ್ತೈತಿ ಇಂದುಮತಿ. ನಾಚಿಕಿ ಬರ್ತೈತಿ" ಎಂದರು.

ಇಲಾಖೆಯ ವಿಚಾರಣೆಯಲ್ಲೂ ದಿಟಗಿವಿಯನ್ನೇ ಇಟ್ಟರು. ಮಠದ, ರಫೀಕ, ಇಂದುಮತಿ, ಮೂವರ ಹೇಳಿಕೆಗೂ ಹಸಿರು ಬಂತು. ಯಾರೂ ಸುಳ್ಳು ಹೇಳಿಲ್ಲ, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ಅಧ್ಯಕ್ಷರು ಬರೆಸತೊಡಗಿದರು. ಮಠದ ಎದ್ದು ನಿಂತರು.

"ತಪ್ಪು ನಂದೈತ್ರಿ. ಕಣ್ಣಿಲೆ ಕಾಣದ್ದನ್ನ ಕಂಡವರಂಗ ಆದೇಶ ಕೊಟ್ಟೆ. ಯಮನಪ್ಪ ನನ್ನ ಮಾತಿನಿಂದ ಸತ್ತ."

ಆಗಲೂ ದೀಪ ಹಸಿರಾಗಿಯೇ ಇತ್ತು. ಅಧ್ಯಕ್ಷರು ಒಮ್ಮೆ ದೀಪವನ್ನೂ ಒಮ್ಮೆ ಮಠದರನ್ನೂ ನೋಡಿದರು. ಏನು ಬರೆಸಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಇಂದುಮತಿಯತ್ತ ತಿರುಗಿ, "ಇಂಥಾದ್ದನ್ನೂ ಹಿಡಿಯೋ ಹಂಗೆ ಇದನ್ನ ಸುಧಾರಿಸೋಕೆ ಆಗುತ್ತಾ?" ಎಂದರು.

"ಆಗಲ್ಲ ಸರ್" ಎಂದಳು ಅವಳು. "ಇದಕ್ಕೆ ಗೊತ್ತಾಗೋದು ಗಂಟಲು ಮಾತ್ರ. ಹೊಳೆ ಗೊತ್ತಾಗಲ್ಲ."

ಅವಳು ತಾನು ಬರೆದ ನಿಯಮವನ್ನು ತಾನೇ ಹೊಡೆದುಹಾಕಿ ಬೇರೆ ಬರೆದಳು. ಮೇಲಿನ ಒಡ್ಡಿನ ಸುದ್ದಿಯನ್ನು ಅಲ್ಲಿ ನಿಂತು ಕಂಡವರೇ ಹೇಳಬೇಕು, ಕೇಳಿದವರು ತಿರುಗಿ ತಾವೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು. ನೀರು ಬಿಡುವ ಮುನ್ನ ಒಬ್ಬ ಮನುಷ್ಯ ನಡೆದು ಹೊಳೆಗಿಳಿದು, ಕೆಳಗಿರುವವರ ಮುಖ ನೋಡಿ ಹೇಳಿ ಬರಬೇಕು. ಎಂಜಿನಿಯರುಗಳು ಗೊಣಗಿದರು. ಈ ಕಾಲದಲ್ಲಿ ಡಂಗುರ ಸಾರುವವನ ಕೆಲಸವೇ ಎಂದರು. ನಿಜವಾದ ಪ್ರವಾಹ ಬಂದರೆ ಇಷ್ಟು ಹೊತ್ತು ಯಾರು ಕಾಯುತ್ತಾರೆ ಎಂದೂ ಕೇಳಿದರು. ಆ ಪ್ರಶ್ನೆ ಇಂದುಮತಿಯ ನಿದ್ದೆಯನ್ನು ಇಂದಿಗೂ ಕೆಡಿಸುತ್ತದೆ.

ಹೊಳೆಗಿಳಿಯುವ ಕೆಲಸವನ್ನು ಮಠದ ಕೇಳಿ ಪಡೆದರು. ದೊಡ್ಡ ಹುದ್ದೆಯವರಿಗೆ ಅದು ತಕ್ಕುದಲ್ಲ ಎಂದರೆ ಕೇಳಲಿಲ್ಲ.

ಮುಂದಿನ ಬೇಸಿಗೆಗೆ ಬಾರಕೇರರು ಮತ್ತೆ ಮರಳಿಗಿಳಿದರು. ಗಂಗವ್ವ ಮಗಳೊಂದಿಗೆ ಗುಂಡಿ ತೋಡಿ ಬೀಜ ಹಾಕಿದ್ದಳು. ಕುಡಿಯುವ ನೀರಿಗೆಂದು ಕೆಳಗಿನ ಪಟ್ಟಣಕ್ಕೆ ಸ್ವಲ್ಪ ನೀರು ಬಿಡಬೇಕಾಗಿ ಬಂದ ದಿನ, ಮಠದ ಬಿಸಿಲೇರುವ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ಅವಳ ಜೋಪಡಿಯವರೆಗೆ ನಡೆದು ಬಂದರು. ಯಮನಪ್ಪ ಸತ್ತಂದಿನಿಂದ ಅವಳು ಅವರೊಡನೆ ಒಂದು ಮಾತೂ ಆಡಿರಲಿಲ್ಲ.

"ಗಂಗವ್ವಾ, ಸಂಜಿಗೆ ನೀರ ಬಿಡ್ತೀವಿ. ಮೊಣಕಾಲಮಟ ಬರ್ತೈತಿ. ಈ ಕಡೆ ಬಳ್ಳಿಗೆ ಏನೂ ಆಗೂದಿಲ್ಲ, ಆದರ ನೀವು ಮ್ಯಾಲೆ ಬರ್ರಿ."

ಗಂಗವ್ವ ಬಳ್ಳಿಗೆ ನೀರು ಹಾಕುವುದನ್ನು ನಿಲ್ಲಿಸದೆ ಕೇಳಿದಳು. ಕೊಡ ಬರಿದಾದ ಮೇಲೆ ಸೊಂಟ ನೆಟ್ಟಗೆ ಮಾಡಿ ಅವರನ್ನು ದಿಟ್ಟಿಸಿ ನೋಡಿದಳು. ಅವರ ಹಣೆಯ ಬೆವರು, ಮರಳಿನಲ್ಲಿ ಸುಟ್ಟು ಕೆಂಪಾಗಿದ್ದ ಪಾದ, ಎಲ್ಲವನ್ನೂ ನೋಡಿದಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಹೊಳೆಯ ಆಚೆ ದಂಡೆಯತ್ತ ಕೈ ತೋರಿಸಿದಳು.

"ಅಲ್ಲಿ ಇನ್ನೂ ಮೂರು ಮನಿ ಅದಾವು" ಎಂದಳು. "ಅವರಿಗೂ ಹೇಳಿ ಹೋಗ್ರಿ."